ಸ್ಪೀಕರಿನ ಮೇಲೆ ಮೆಕ್ಕೆಜೋಳ

ಮೊದಲ ದಿನ ನಲವತ್ತರಲ್ಲಿ ಹತ್ತೊಂಬತ್ತು ಸರಿ. ಎರಡನೆಯ ದಿನ ಇಪ್ಪತ್ತೊಂದು. ಮೂರನೆಯ ದಿನ ಮತ್ತೆ ಹತ್ತೊಂಬತ್ತು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಎರಡೇ ಉತ್ತರಗಳಿರುವ ಪ್ರಶ್ನೆಗೆ ದಿನವೂ ಅರ್ಧದಷ್ಟು ಸರಿ ಬರುತ್ತಿದ್ದರೆ ಉತ್ತರ ಹೇಳುವವರಿಗೆ ಏನೂ ತಿಳಿದಿಲ್ಲವೆಂದೇ ಅರ್ಥ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಅದು ಮೊದಲ ದಿನವೇ ಹೊಳೆಯಬೇಕಿತ್ತು. ನಾನು ಹೊಳೆಯಗೊಡಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದುಕೊಂಡೆ.

ಒಂದು ಸಂಗೀತ ಶಾಲೆಯ ಜಾಝ್ ಪಿಯಾನೋ ಕೋರ್ಸಿಗೆ ಅರ್ಜಿ ಹಾಕಿದ್ದೆ. ಅವರ ವಯಸ್ಸಿನ ಮಿತಿಯಲ್ಲಿ ನನಗೆ ಇದೇ ಕೊನೆಯ ವರ್ಷ. ನುಡಿಸಿ ಕಳಿಸಿದ ರೆಕಾರ್ಡಿಂಗ್ ಒಪ್ಪಿಗೆಯಾಗಿತ್ತು. ಉಳಿದದ್ದು ಕೇಳುವ ಪರೀಕ್ಷೆ. ವಿಡಿಯೋ ಕರೆಯಲ್ಲಿ ಅವರು ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲುಗಳನ್ನು, ನುಡಿಸುತ್ತಾರೆ. ಯಾವುದೆಂದು ಹೇಳಬೇಕು. ಆರು ವಾರ ಸಮಯವಿತ್ತು.

ಚನ್ನಗಿರಿಯಲ್ಲಿ ಕೂತು ಜಾಝ್ ಕಲಿಯುವುದರ ಬಗ್ಗೆ ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಧ್ಯಾಹ್ನ ಮನೆ. ಯೂನಿವರ್ಸಿಟಿ ಹಾಸ್ಟೆಲಿನ ರೂಮ್‌ಮೇಟ್ ಬಿಟ್ಟುಹೋದ ಕೀಬೋರ್ಡು, ಮೊಬೈಲಿನಲ್ಲಿ ಪಾಠದ ವಿಡಿಯೋ. ಮೂರು ವರ್ಷ ಹೀಗೇ ಕಲಿತೆ. ಮೊದಲ ವರ್ಷ ಎಲ್ಲರೂ ಕಲಿಯುವ ನಡೆ, ಎರಡು-ಐದು-ಒಂದು. ಸಿ ಮನೆಯಾದರೆ ಡಿ ಮೈನರ್, ಜಿ ಸೆವೆನ್, ಆಮೇಲೆ ಸಿ. ಎರಡು ಹೊರಡುತ್ತದೆ, ಐದು ತಳಮಳಿಸುತ್ತದೆ, ಒಂದು ಮನೆ ಸೇರುತ್ತದೆ. ಹನ್ನೆರಡು ಶ್ರುತಿಗಳಲ್ಲೂ ಅದನ್ನೇ ನುಡಿಸಿದೆ. ಎರಡನೆಯ ವರ್ಷ ಬದಲಿ ಕಾರ್ಡುಗಳು. ಜಿ ಸೆವೆನ್ ಇರಬೇಕಾದ ಕಡೆ ಡಿ ಫ್ಲಾಟ್ ಸೆವೆನ್ ಕೂರಿಸಬಹುದು. ಹೆಸರಿನಲ್ಲಿ ಇವೆರಡೂ ಒಂದಕ್ಕೊಂದು ಅತಿ ದೂರದವು. ಆದರೆ ಎರಡರ ಒಳಗೂ ಬಿ ಮತ್ತು ಎಫ್ ಎಂಬ ಅವೇ ಎರಡು ಸ್ವರಗಳಿವೆ, ತಳಮಳವೆಲ್ಲ ಆ ಎರಡರದ್ದೇ. ಮೂರೇ ಸ್ವರಗಳಲ್ಲಿ ನುಡಿಸಿದರೆ ಬದಲಾಗುವುದು ತಳದ ಸ್ವರ ಒಂದೇ. ಅದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ಊಟ ಮರೆತು ಕೂತಿದ್ದೆ.

ಆಗ ನಾನು ಅರ್ಥ ಮಾಡಿಕೊಂಡದ್ದು ಕಣ್ಣಿನಿಂದ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಳದ ಸ್ವರ ಯಾರಿಗೂ ಕೇಳುವುದಿಲ್ಲ. ಪರದೆಯ ಮೇಲೆ ಹೆಸರು ಬರೆದಿರುತ್ತಿತ್ತು. ಬೆರಳು ಎಲ್ಲಿ ಒತ್ತಬೇಕೆಂದು ಗೊತ್ತಿತ್ತು. ಕೇಳಿದೆ ಎಂದೇ ತಿಳಿದಿದ್ದೆ. ಪರೀಕ್ಷೆಗೆ ತಯಾರಾಗಲು ದೊಡ್ಡ ಸ್ಪೀಕರ್ ಬೇಕೆಂದು ಶಾಲೆಯವರು ಬರೆದ ಮೇಲೆ ಹೊನ್ನಾಳಿಯ ಒಬ್ಬ ಮೈಕ್ ಸೆಟ್ಟಿನವರಿಂದ ಹಳೆಯದೊಂದನ್ನು ತಂದೆ. ಪರದೆ ನೋಡದೆ ಜಿ ಸೆವೆನ್ನೋ ಡಿ ಫ್ಲಾಟ್ ಸೆವೆನ್ನೋ ಎಂದು ಗುರುತಿಸುವ ಅಭ್ಯಾಸ ಶುರು ಮಾಡಿದೆ. ಹತ್ತೊಂಬತ್ತು, ಇಪ್ಪತ್ತೊಂದು, ಹತ್ತೊಂಬತ್ತು.

ನಾಲ್ಕನೆಯ ದಿನ ಕಾಲೇಜಿಗೆ ರಜೆ ಹಾಕಿ, ಸ್ಪೀಕರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊನ್ನಾಳಿ ಬಸ್ ಹತ್ತಿದೆ. ಕಂಡಕ್ಟರು ಅದನ್ನು ಎರಡು ಸಲ ತಟ್ಟಿ ನೋಡಿ ಲಗೇಜ್ ಟಿಕೆಟ್ ಹರಿದರು.

ಮೈಕ್ ಸೆಟ್ಟಿನವರಿಗೆ ಅರವತ್ತು ದಾಟಿರಬೇಕು. ಅಂಗಡಿಯ ಮುಂದೆ ರಸ್ತೆ ಬದಿಗೆ ಟಾರ್ಪಾಲ್ ಹಾಸಿ ಯಾರದೋ ಮೆಕ್ಕೆಜೋಳ ಒಣಹಾಕಿದ್ದರು. ಬೇಸ್, ತಳದ ಸ್ವರವೇ, ಬರುತ್ತಿಲ್ಲ ಎಂದೆ. ಅವರು ನೊಂದುಕೊಂಡರು.

"ಮೊನ್ನೆ ಮೊನ್ನೆ ನ್ಯಾಮತಿ ಮದುವೆಲಿ ಇದೇ ಬಾಕ್ಸು ಬೀಗರ ಎದೆ ನಡುಗ್ಸೈತೆ ಕಣವ್ವ. ಕೆಟ್ಟಿದ್ದು ಕೊಟ್ಟು ನಾನು ಎಲ್ಲಿಗೆ ಹೋಗ್ಲಿ?"

ನನ್ನ ಮೊಬೈಲಿನಿಂದಲೇ ಅಭ್ಯಾಸದ ಕಾರ್ಡುಗಳನ್ನು ಹಾಕಿ ಕಣ್ಣು ಮುಚ್ಚಿ ಕೇಳಿದರು. ಬರುತ್ತಿದೆ ಎಂದರು. ಇಲ್ಲ ಎಂದೆ. ನನ್ನ ಮುಖ ನೋಡಿದರು. ಆಮೇಲೆ ಸ್ಪೀಕರಿನ ಜಾಲರಿ ಬಿಚ್ಚಿ, ಬಾಕ್ಸನ್ನು ಅಂಗಾತ ಮಲಗಿಸಿ, ಹೊರಗೆ ಹೋಗಿ ಟಾರ್ಪಾಲಿನಿಂದ ಹತ್ತು ಹನ್ನೆರಡು ಕಾಳು ತಂದು ಒಳಗೆ ಅದುರುವ ಕೋನಿನ ಕಾಗದದ ಮೇಲೆ ಹಾಕಿದರು. ಅವರ ಅಪ್ಪನ ಕಾಲದಿಂದಲೂ ಬೇಸ್ ನೋಡುವುದು ಹೀಗೆಯೇ ಅಂತೆ. ಜಾತ್ರೆಯ ಗದ್ದಲದಲ್ಲಿ ಕಿವಿಗೆ ಏನೂ ತಿಳಿಯುವುದಿಲ್ಲ. ಕಾಳು ಕುಣಿದರೆ ಬೇಸ್ ಇದೆ, ಸುಮ್ಮನಿದ್ದರೆ ಇಲ್ಲ.

ಕಾಳು ಕುಣಿದವು. ಎರಡು ಚಿಮ್ಮಿ ನೆಲಕ್ಕೆ ಬಿದ್ದವು. ಹಿಂದಿನ ಕಪಾಟಿನಲ್ಲಿ ಸ್ಕ್ರೂಗಳ ಡಬ್ಬಿಯ ಮುಚ್ಚಳ ಗಿರಗುಟ್ಟಿತು. ಆ ಗಿರಗುಟ್ಟುವಿಕೆ ನನಗೆ ಸ್ಪಷ್ಟವಾಗಿ ಕೇಳಿತು. ಅದನ್ನು ಗಿರಗುಟ್ಟಿಸಿದ್ದು ಕೇಳಲಿಲ್ಲ.

"ಈಗ ಕೇಳ್ತಾ?" ಎಂದರು.

ಕೇಳಿತು ಎಂದೆ. ಅವರು ನಂಬಲಿಲ್ಲ. ಕೈ ಇಡು ಎಂದು ಸನ್ನೆ ಮಾಡಿದರು. ಕೋನಿನ ಅಂಚಿಗೆ ಬೆರಳು ತಾಗಿಸಿದೆ. ಅದು ಹಿಡಿದಿಟ್ಟ ಕೋಳಿಮರಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

"ನಂದು ಮೇಲಿನ ಸೌಂಡು ಹೋಗೈತವ್ವ. ಮೊಬೈಲ್ ರಿಂಗಾದ್ರೆ ಗೊತ್ತಾಗಲ್ಲ, ನಮ್ ಮನೆಯಾಕೆ ಬೈತಿರ್ತಾಳೆ. ನಿಂದು ಕೆಳಗಿಂದು ಅನ್ಸುತ್ತೆ. ಇಬ್ರೂ ಸೇರಿದ್ರೆ ಒಂದು ಪೂರ್ತಿ ಕಿವಿ." ನಗಿಸಲೆಂದು ಹೇಳಿದ್ದು. ನಾನು ನಗದಿದ್ದುದನ್ನು ನೋಡಿ ಅವರೇ ಬಾಕ್ಸನ್ನು ಗೋಣಿಚೀಲಕ್ಕೆ ಹಾಕಿ ಬಸ್ ಸ್ಟ್ಯಾಂಡಿನವರೆಗೂ ಹೊತ್ತು ತಂದರು.

ಮರುವಾರ ದಾವಣಗೆರೆಯಲ್ಲಿ ಕಿವಿಯ ವೈದ್ಯರು ಒಂದು ಗ್ರಾಫ್ ಕೈಗೆ ಕೊಟ್ಟರು. ಎತ್ತರದ ಸ್ವರಗಳ ಕಡೆ ಗೆರೆ ಇರಬೇಕಾದಲ್ಲೇ ಇತ್ತು. ತಗ್ಗಿನ ಸ್ವರಗಳ ಕಡೆಗೆ ಬರುತ್ತ ಬರುತ್ತ ಕುಸಿದಿತ್ತು. ಎರಡೂ ಕಿವಿ, ಒಂದೇ ಆಕಾರ. ಮಾತು ಕೇಳುವುದಕ್ಕೆ ಮೇಲಿನ ಸ್ವರಗಳು ಸಾಕಾಗುವುದರಿಂದ ಇಂಥವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲವಂತೆ. ಔಷಧಿ ಇಲ್ಲ. ಕಿವುಡು ನಿಧಾನವಾಗಿ ಮೇಲಿನ ಸ್ವರಗಳಿಗೂ ಹತ್ತುತ್ತದೆ. ಇದು ಕುಟುಂಬಗಳಲ್ಲಿ ಬರುವಂಥದ್ದು, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಬಸ್ಸು ಸಂತೇಬೆನ್ನೂರು ದಾಟುವಷ್ಟರಲ್ಲಿ ನಾನು ಹೇಳಿದ್ದು ತಪ್ಪೆಂದು ತಿಳಿಯಿತು.

ನನ್ನ ತಂದೆಯನ್ನು ಅವರ ಕಡೆಯವರು ಗತ್ತಿನ ಮನುಷ್ಯ ಎನ್ನುತ್ತಾರೆ. ಜಗಳೂರಿನಲ್ಲಿ ಅವರೂ ದೊಡ್ಡಪ್ಪನೂ ಸೇರಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ದೊಡ್ಡಪ್ಪನದು ಕೊಳಗದೊಳಗಿಂದ ಬಂದಂಥ ತಗ್ಗು ದನಿ. ಒಳಗಿನಿಂದ ಕರೆದರೆ ಅಪ್ಪ ಓಗೊಡುತ್ತಿರಲಿಲ್ಲ. ಗಿರಾಕಿಗಳ ಎದುರು, ನೆಂಟರ ಎದುರು, ಹೀಗೆ ಎಷ್ಟು ಸಲವೋ. ತಮ್ಮ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ದೊಡ್ಡಪ್ಪ ಒಂದು ದಿನ ಎಲ್ಲರ ಮುಂದೆ ಕೂಗಾಡಿದರು. ಅಪ್ಪ ಬೇರೆಯಾಗಿ, ಅಮ್ಮನ ತವರಾದ ಚನ್ನಗಿರಿಯಲ್ಲಿ ಸಣ್ಣ ಅಂಗಡಿ ಇಟ್ಟು ಒಂಬತ್ತು ವರ್ಷವಾಯಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಮ್ಮ ತಮಾಷೆ ಮಾಡುತ್ತಿದ್ದಳು, ಹೆಂಗಸರು ಕರೆದರೆ ಮಾತ್ರ ಇವರಿಗೆ ಕೇಳುತ್ತದೆ ಎಂದು.

ಅಂಗಡಿಗೆ ರಜೆಯಿದ್ದ ದಿನ ಮಧ್ಯಾಹ್ನ ಅಪ್ಪನನ್ನು ನನ್ನ ಕೋಣೆಗೆ ಕರೆದೆ. ಸ್ಪೀಕರನ್ನು ಅಂಗಾತ ಮಲಗಿಸಿ ಕಾಳು ಹಾಕಿದ್ದೆ. ಮೇಲಿನ ಸ್ವರದಿಂದ ಶುರು ಮಾಡಿ ಒಂದೊಂದೇ ಕೀ ಇಳಿಯುತ್ತ ಬಂದೆ. ಕೇಳಿದಾಗಲೆಲ್ಲ ಅವರು ಬೆರಳು ಎತ್ತಬೇಕಿತ್ತು. ಕೀಬೋರ್ಡಿನ ನಡುವಿಗೆ ಬರುವ ಮೊದಲೇ ಬೆರಳು ಏಳುವುದು ನಿಂತಿತು. ನಾನು ಇಳಿಯುತ್ತಲೇ ಇದ್ದೆ. ಕಾಳು ಕುಣಿಯತೊಡಗಿದವು. ಬಾಗಿಲಲ್ಲಿ ನಿಂತಿದ್ದ ಅಮ್ಮ ಕಿವಿ ಮುಚ್ಚಿಕೊಂಡಳು. ಅಪ್ಪ ಕಾಳು ನೋಡಿದರು, ಅಮ್ಮನನ್ನು ನೋಡಿದರು.

ವೈದ್ಯರು ಹೇಳಿದ್ದನ್ನು ಹೇಳಿದೆ. ನನಗೂ ಇದೆ ಎಂದು ಆಗಲೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅಪ್ಪ ಒಂದು ಕಾಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು.

"ಹಂಗಾರೆ ಅಣ್ಣ ಕರೆದಿದ್ದ" ಎಂದರು.

ಜಗಳೂರಿಗೆ ಫೋನ್ ಮಾಡಿರೆಂದು ಅಮ್ಮ ಅಳುದನಿಯಲ್ಲಿ ಗಂಟುಬಿದ್ದಳು. "ಏನಂತ ಮಾಡಾಕೆ?" ಎಂದರು ಅಪ್ಪ. "ಒಂಬತ್ತು ವರ್ಷ ಆದಮೇಲೆ ಕಿವಿ ಕೇಳ್ತಿರ್ಲಿಲ್ಲ ಅಂದ್ರೆ, ಈಗೊಂದು ನೆಪ ಹುಡುಕ್ಯಂಡು ಬಂದ ಅಂತಾನೆ." ಎದ್ದು ಹೋದರು. ಕಾಳು ಅವರ ಕೈಯಲ್ಲೇ ಹೋಯಿತು.

ನನಗೆ ಇನ್ನು ಮೂರು ವಾರ ಉಳಿದಿತ್ತು. ಬಿಟ್ಟುಬಿಡಬಹುದಿತ್ತು. ಆದರೆ ನಾನು ಲೆಕ್ಕ ಹಾಕಿದೆ. ಒಳಗಿನ ಎರಡು ಸ್ವರಗಳು ನನಗೆ ಕೇಳುತ್ತವೆ. ಅವು ಕೇಳಿದರೆ ತಳದ ಸ್ವರ ಎರಡರಲ್ಲಿ ಒಂದೇ ಆಗಿರಬೇಕು. ಹನ್ನೆರಡು ಸ್ವರಗಳೆಂದರೆ ಆರು ಜೋಡಿ. ಪ್ರತಿ ಜೋಡಿಯಲ್ಲೂ ಇದೋ ಅದೋ ಎಂಬುದೊಂದು ತಿಳಿದರೆ ಸಾಕು, ಅಷ್ಟನ್ನು ಕಾಳು ಹೇಳಬಲ್ಲವು. ಒಂದೊಂದು ಸ್ವರಕ್ಕೂ ಕಾಳು ಹೇಗೆ ಓಡುತ್ತವೆಂದು ನೋಡಿ ಪಟ್ಟಿ ಮಾಡಿದೆ. ಜಿ ಒತ್ತಿದರೆ ಅಂಚಿಗೆ ಹಾರುತ್ತವೆ, ಡಿ ಫ್ಲಾಟಿಗೆ ನಡುವೆಯೇ ನಡುಗುತ್ತ ನಿಲ್ಲುತ್ತವೆ. ಐದು ಜೋಡಿಗಳಲ್ಲಿ ವ್ಯತ್ಯಾಸ ಕಂಡಿತು. ಆರನೆಯದರಲ್ಲಿ ಎರಡೂ ಒಂದೇ. ಕ್ಲಾಸು ಮುಗಿದ ಕೂಡಲೇ ಓಡಿಬಂದು ಬಾಗಿಲು ಹಾಕಿಕೊಂಡು ಆ ಆರನೆಯ ಜೋಡಿಯ ಮುಂದೆ ಕೂರುತ್ತಿದ್ದೆ. ಕಾಳು ಬದಲಿಸಿ ಅಕ್ಕಿ ಹಾಕಿದೆ, ರಾಗಿ ಹಾಕಿದೆ. ಕೋನಿಗೆ ಬೆರಳಿಟ್ಟು ಕಣ್ಣು ಮುಚ್ಚಿದೆ. ಕೊನೆಗೆ ಕಾಳು ಹೇಳದ ವ್ಯತ್ಯಾಸ ಬೆರಳಿಗೆ ತಿಳಿಯಿತು. ತುದಿಗಳು ಜೋಮು ಹಿಡಿಯುತ್ತಿದ್ದವು. ರೊಟ್ಟಿ ಮುರಿಯುವಾಗಲೂ ಬೆರಳಿನೊಳಗೆ ನಡುಕ ಉಳಿದಿರುತ್ತಿತ್ತು. ಇದು ಮೋಸವೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ನಿಲ್ಲಿಸಬೇಕಾಗುತ್ತಿತ್ತು.

ಪರೀಕ್ಷೆಯ ದಿನ ಸ್ಪೀಕರನ್ನು ಕ್ಯಾಮೆರಾಗೆ ಕಾಣದಂತೆ ಮೇಜಿನ ಕೆಳಗೆ ಇಟ್ಟು, ಎಡಗೈಯನ್ನು ಕೋನಿನ ಮೇಲೆ ಇಳಿಬಿಟ್ಟು ಕೂತೆ. ಪರೀಕ್ಷಕರು ಮಧ್ಯವಯಸ್ಸಿನವರು, ಮಾತು ಮೃದು. ಇಪ್ಪತ್ತು ಪ್ರಶ್ನೆಗಳಲ್ಲಿ ಮೊದಲ ನಾಲ್ಕೂ ಸರಿ. ಐದನೆಯದಕ್ಕೆ ಮೊದಲು ಅವರು ತಡೆದರು. ಅವರು ನುಡಿಸಿದ್ದು ನನ್ನ ಕಡೆಯಿಂದ ಪ್ರತಿಧ್ವನಿಯಾಗಿ ಮರಳಿ ಬರುತ್ತಿದೆ, ಸ್ಪೀಕರ್ ಆರಿಸಿ ಹೆಡ್‌ಫೋನ್ ಹಾಕಿಕೊಳ್ಳಿ ಎಂದರು.

ಆರು ವಾರದಲ್ಲಿ ಇದೊಂದು ನನಗೆ ಹೊಳೆದಿರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡೆ. ಐದನೆಯದು ಬಂತು. ಒಳಗಿನ ಎರಡು ಸ್ವರಗಳು ಎಂದಿನಂತೆ ಸ್ಪಷ್ಟ, ತಳಮಳಿಸುತ್ತ. ಕೆಳಗೆ ಏನೂ ಇಲ್ಲ. ಕೈ ಕೋನಿನ ಅಲುಗದ ಕಾಗದದ ಮೇಲಿತ್ತು. ಊಹಿಸಬಹುದಿತ್ತು. ಉಳಿದ ಹದಿನಾರರಲ್ಲಿ ಎಂಟು ಸರಿಯಾದರೂ ಮೊದಲಿನ ನಾಲ್ಕು ಸೇರಿ ಪಾಸಾಗುವ ಅಂಚಿಗೆ ಬರುತ್ತಿತ್ತು. ಆ ಲೆಕ್ಕವೂ ತಲೆಯಲ್ಲಿ ಮಾಡಿದೆ. ಅಷ್ಟರಲ್ಲಿ ಅಪ್ಪ ಅಂಗೈಯಲ್ಲಿ ಕಾಳು ಇಟ್ಟುಕೊಂಡು ಕೂತಿದ್ದು ನೆನಪಾಯಿತು.

ಜಿ ಸೆವೆನ್ ಇರಬಹುದು, ಡಿ ಫ್ಲಾಟ್ ಸೆವೆನ್ ಇರಬಹುದು ಎಂದೆ. ಒಂದನ್ನೇ ಹೇಳಬೇಕು ಎಂದರು. ತಳದ ಸ್ವರ ನನಗೆ ಕೇಳುವುದಿಲ್ಲ, ಮೊದಲಿನ ನಾಲ್ಕನ್ನು ಬೆರಳಿಂದ ತಿಳಿದುಕೊಂಡೆ ಎಂದೆ. ಸ್ಪೀಕರ್, ಕಾಳು, ಪಟ್ಟಿ, ಎಲ್ಲವನ್ನೂ ಹೇಳಿದೆ. ಹೊರಗಿನವರ ಹತ್ತಿರ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರು ಪೆನ್ನು ಕೆಳಗಿಟ್ಟರು. ಅದೇ ಕಾರ್ಡನ್ನು ತುಂಬ ಮೇಲಿನ ಸ್ಥಾಯಿಯಲ್ಲಿ ನುಡಿಸಿ, ಈಗ ಎಂದು ಕೇಳಿದರು. ಡಿ ಫ್ಲಾಟ್ ಎಂದೆ. ಇನ್ನೊಂದು ನುಡಿಸಿದರು, ಮತ್ತೊಂದು. ಎಲ್ಲವೂ ಸರಿ. ಅವರ ಮುಖ ಬೆಳಗಿತು, ಆಮೇಲೆ ಆರಿತು. ವಾದ್ಯಗಳ ಗುಂಪಿನಲ್ಲಿ ಬೇಸ್ ನುಡಿಸುವವನು ಹೀಗೆ ಮೇಲೆ ಹತ್ತಿ ಬರುವುದಿಲ್ಲ, ಅವನು ಕೆಳಗೆ ಬದಲಿಸಿದ್ದನ್ನು ಕೇಳಿಯೇ ನೀವು ಮೇಲೆ ಬದಲಿಸಬೇಕು ಎಂದರು. ಗೊತ್ತು ಎಂದೆ. ನಾನು ಹೇಳದೆ ಹೋಗಿದ್ದರೆ ಚೆನ್ನಾಗಿತ್ತು ಎಂಬಂತೆ ನೋಡಿದರು. ಹತ್ತು ದಿನಕ್ಕೆ ಪತ್ರ ಬಂತು. ಒಳ್ಳೆಯ ಮಾತುಗಳಿದ್ದವು. ಸೀಟು ಇರಲಿಲ್ಲ.

ಆ ಸಂಜೆ ಅಮ್ಮ ಕಾಲೇಜಿನ ಕೆಲಸದ್ದು ಏನಾದರೂ ಪತ್ರ ಬಂತಾ ಎಂದು ಕೇಳಿದಳು. ಇಲ್ಲ ಎಂದೆ. ಅಪ್ಪ ಏನೂ ಕೇಳಲಿಲ್ಲ. ಅಂಗಡಿಯಿಂದ ಬಂದವರು ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ಇನ್ನೊಂದ್ಸಲ ನೋಡು ನಂದು ಎಲ್ಲಿಗೈತೆ" ಎಂದರು.

ಈಗ ತಿಂಗಳಿಗೊಮ್ಮೆ ನೋಡುತ್ತೇವೆ. ಯಾವ ಕೀಯ ಕೆಳಗೆ ನನಗೆ ಏನೂ ಕೇಳುವುದಿಲ್ಲವೋ ಅದರ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆ. ಅಪ್ಪನದಕ್ಕೆ ಇನ್ನೊಂದು. ಶುರುವಿನಿಂದ ಇಲ್ಲಿಯವರೆಗೆ ನನ್ನ ಗೆರೆ ಒಂದು ಕೀ ಮೇಲೆ ಸರಿದಿದೆ. ಅಪ್ಪನದು ಅಲ್ಲೇ ಇದೆ. ಅವರು ಜಗಳೂರಿಗೆ ಇನ್ನೂ ಫೋನ್ ಮಾಡಿಲ್ಲ.

ಆಮೇಲೆ ಅವರು ಎದ್ದು ಹೋಗುತ್ತಾರೆ, ನಾನು ನುಡಿಸುತ್ತೇನೆ. ಎರಡು, ಐದು, ಒಂದು. ಎರಡು, ಐದರ ಬದಲಿ, ಒಂದು. ಎಡಗೈ ತಳದ ಸ್ವರವನ್ನು ಒತ್ತುತ್ತದೆ. ಅದು ಯಾವುದೆಂದು ನನಗೆ ಗೊತ್ತು, ಒತ್ತಿದವಳು ನಾನೇ ಆದ್ದರಿಂದ. ಬಲಗೈಯಲ್ಲಿ ಬಿ ಮತ್ತು ಎಫ್. ಅವು ನನ್ನ ಗೆರೆಯ ಮೇಲೆ, ಅಪ್ಪನ ಗೆರೆಯ ಕೆಳಗೆ ಇವೆ. ಎರಡು ಗೆರೆಗಳ ನಡುವೆ ಹದಿನೇಳು ಕೀಗಳು. ಅಪ್ಪನಿಗೂ ನನಗೂ ಮೂವತ್ತು ವರ್ಷದ ಅಂತರ. ಆ ಎರಡು ಸ್ವರಗಳು ನನಗೆ ಇನ್ನೆಷ್ಟು ವರ್ಷ ಕೇಳುತ್ತವೆಂದು ಹೇಳುವ ಭಾಗಾಕಾರವನ್ನು ನಾನು ಇನ್ನೂ ಮಾಡಿಲ್ಲ.