ಚಮಚ ಸವರುವ ನರ್ಸಮ್ಮ
ಮಕ್ಕಳ ವಾರ್ಡಿನ ನರ್ಸಮ್ಮನ ಜೇಬಿನಲ್ಲಿ ಯಾವಾಗಲೂ ಒಂದು ಚಮಚ, ಅದರ ತಲೆ ಸವರಿ ಸಮ ಮಾಡಲು ಒಂದು ಗಿಡ್ಡ ಅಡಿಕೋಲು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಒಂದು ಹರಳು ಹೆಚ್ಚಾಯಿತೆಂದು ಅನುಮಾನ ಬಂದರೂ ಇಡೀ ಜಗ್ಗನ್ನು ಬಚ್ಚಲಿಗೆ ಸುರಿದುಬಿಡುತ್ತಾಳೆ. ಮನೆಯಲ್ಲಿ ಗಂಡನ ಚಹಾಕ್ಕೂ ಸಕ್ಕರೆ ಸವರಿಯೇ ಹಾಕುತ್ತಾಳೆಂದು ಆಯಾಗಳು ಆಡಿಕೊಳ್ಳುತ್ತಾರೆ. "ಭೇದಿಗೆ ಉಪ್ಪುನೀರು ಕುಡಿಸೋಕೆ ಆಸ್ಪತ್ರೆ ಬೇಕಾ? ಗ್ಲೂಕೋಸ್ ಬಾಟ್ಲಿ ಏರ್ಸಮ್ಮ," ಎಂದು ಅಜ್ಜಂದಿರು ದಬಾಯಿಸಿದರೆ ಆಕೆಯ ಪಾಠ ಸಿದ್ಧ: "ಕರುಳಿನ ಗೋಡೇಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ ತಾತ. ಉಪ್ಪು ಒಂಟಿಯಾಗಿ ಬಂದ್ರೆ ಅವು ತೆರೆಯಲ್ಲ. ಸಕ್ಕರೆ ಕೈ ಹಿಡ್ಕೊಂಡು ಬಂದ್ರೆ ಇಬ್ಬರನ್ನೂ ಒಳಗೆ ಬಿಡ್ತವೆ. ನೀರು ಅವರ ಬೆನ್ನಿಗೇ ಓಡುತ್ತೆ." ಒಂದು ಬೆಳಗ್ಗೆ, ಎರಡು ದಿನದ ಭೇದಿಯಿಂದ ಬತ್ತಿಹೋದ ಕೂಸಿನ ಲೋಟದ ನೀರನ್ನು ರುಚಿ ನೋಡಿ ಆಕೆ ಹುಬ್ಬು ಗಂಟಿಕ್ಕಿದಳು. "ಯಾರದಿದು ಕೈಚಳಕ?" "ಸಪ್ಪೆ ಅನ್ನಿಸ್ತು ಸಿಸ್ಟರ್, ನಾನೇ ಲೋಟಕ್ಕೆ ಇನ್ನೂ ನಾಲ್ಕು ಚಮಚ ಸಕ್ಕರೆ ಹಾಕ್ದೆ," ಎಂದಳು ತಾಯಿ ಅಳುಕುತ್ತ. "ನಿನ್ನ ಮುದ್ದು ಸರಿ ಕಣಮ್ಮ, ಆದ್ರೆ ಸಕ್ಕರೆ ಅತಿಯಾದ್ರೆ ಮೈಯೊಳಗಿನ ನೀರನ್ನೂ ಕರುಳಿಗೆ ಎಳ್ಕೊಂಡುಬಿಡುತ್ತೆ. ಮಗು ಇನ್ನೂ ಒಣಗುತ್ತೆ." ಹೊಸದಾಗಿ ಕಲಸಿ, ತಾನೇ ಪಕ್ಕದಲ್ಲಿ ಕೂತು, ಗುಟುಕು ಗುಟುಕಾಗಿ ಮಧ್ಯಾಹ್ನದವರೆಗೆ ಕುಡಿಸಿದಳು. ಅಷ್ಟೂ ಹೊತ್ತು ಕೂಸು ಅತ್ತಿದ್ದು ಬರೀ ಒಣ ಅಳು; ಕಣ್ಣೀರಿಗೂ ಮೈಯಲ್ಲಿ ನೀರಿರಲಿಲ್ಲ. ಕೊನೆಗೆ ರೆಪ್ಪೆಯಡಿ ಒಂದು ಹನಿ ಮೂಡಿ ಕೆನ್ನೆಗಿಳಿಯಿತು. ತಾಯಿ ಗಾಬರಿಯಿಂದ ಒರೆಸಲು ಹೋದಾಗ, ನಾಲ್ಕು ಮಾತಿನ ಜಾಗದಲ್ಲಿ ನಲವತ್ತಾಡುವ ನರ್ಸಮ್ಮ ಅವಳ ಕೈ ಹಿಡಿದು ಮೆಲ್ಲಗೆ ಅಂದಳು: "ಇರಲಿ ಬಿಡು. ಒಂಚೂರು ನೋಡ್ತೀನಿ."