ಹಿಂದಿನಿಂದ ಚುಚ್ಚಿದ ಹಾಳೆ

ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ. ನನ್ನದಾಗಿ ಒಂದು ಗೆರೆಯನ್ನೂ ಸೇರಿಸಿಲ್ಲ.

ರಾಯಚೂರಿನಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಹೋದ ವರ್ಷ ಮಾನ್ವಿ ಕಡೆಯ ಹಳ್ಳಿಯೊಂದರ ಚರ್ಚಿನ ಗೋಡೆಗೆ, ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿಯ ಚಿತ್ರ ಬರೆಯಲು ಕರೆದರು. ಚರ್ಚಿನ ಹಿರಿಯರು ಒಂದು ಪುಸ್ತಕ ಕೊಟ್ಟರು. ನಾನೂರು ವರ್ಷಗಳ ಹಿಂದೆ ಇಟಲಿಯ ಚಿತ್ರಕಾರನೊಬ್ಬ ದೇವರ ಚಿತ್ರಗಳಿಗೆ ಬಣ್ಣ ಹಚ್ಚುವ ಮೊದಲು ಕೆಂಪು ಸೀಮೆಸುಣ್ಣದಲ್ಲಿ ಬರೆದುಕೊಂಡ ಕರಡುಗಳು. ಬರೀ ಕೈ, ಬರೀ ಪಾದ, ಬಾಗಿದ ಕತ್ತು. ಕೊನೆಯ ಪುಟದಲ್ಲಷ್ಟೇ ಬಣ್ಣ ಹಚ್ಚಿ ಮುಗಿಸಿದ ತಾಯಿಯ ಬೆಳ್ಳನೆಯ ಮುಖ. ಕೂಲಿಯವರನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದೆಂದು ಆ ಒಡೆದ ಹಿಮ್ಮಡಿಗಳೇ ಹೇಳುತ್ತಿದ್ದವು.

ನಾನೂ ಹಾಗೇ ಮಾಡಿದೆ. ಚರ್ಚಿನ ಕಸ ಗುಡಿಸುವ ಅರಕೇರಾದ ಮಲ್ಲವ್ವನನ್ನು ಕೂರಿಸಿದೆ. ಆಕೆಯ ಮಗ ದೂರದ ಊರಿನ ಕಟ್ಟಡ ಕೆಲಸದಲ್ಲಿ ಸತ್ತಿದ್ದ. ಅಲ್ಲೇ ಮಣ್ಣು ಮಾಡಿದ್ದರು. ಆಕೆಯ ಹತ್ತಿರ ಅವನ ಒಂದು ಫೋಟೋ ಕೂಡ ಇರಲಿಲ್ಲ.

"ನನ್ನ ಮಾರಿ ಇದ್ದಂಗ ಬರೀರಿ ಯಪ್ಪಾ," ಅಂದಳು. "ಅಂವ ಹುಡಿಕ್ಕೊಂಡು ಬಂದ್ರ ಗುರ್ತು ಸಿಗಬೇಕು."

ಮಾತು ಕೊಟ್ಟೆ.

ಹಾಳೆಯ ಮೇಲೆ ನಾನು ಬರೆದ ಮಲ್ಲವ್ವನ ಕರಡು ನೋಡಿ ಹಿರಿಯರು ನಕ್ಕರು. "ದಿನಾ ಕಸ ಹೊಡಿಯಾಕಿಗೆ ಯಾರು ಕೈ ಮುಗೀತಾರ್ರೀ? ಪುಸ್ತಕದಾಗಿನ ಬೆಳ್ಳನ ಮಾರಿ ಹಾಕ್ರಿ."

ಆಗಲಿ ಎಂದು ನಾನು ತಲೆಯಾಡಿಸಿದೆ. ಮಲ್ಲವ್ವ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು...

ಚಿತ್ರವನ್ನು ಗೋಡೆಗೆ ಇಳಿಸುವ ನಮ್ಮ ಕ್ರಮ ಹೀಗೆ: ಹಾಳೆಯ ಗೆರೆಗುಂಟ ಸೂಜಿಯಿಂದ ಚುಚ್ಚಿ, ಗೋಡೆಗೆ ಹಚ್ಚಿ, ಕೆಮ್ಮಣ್ಣು ಕಟ್ಟಿದ ಬಟ್ಟೆಗಂಟಿನಿಂದ ಮೆಲ್ಲಗೆ ಬಡಿದರೆ ಚುಕ್ಕಿಗಳು ಮೂಡುತ್ತವೆ. ಪುಸ್ತಕದ ಮುಖವನ್ನು ಹಾಗೆ ಮೂಡಿಸಿದೆ. ಮಡಿಲಲ್ಲಿನ ಮಗನ ಮುಖದ ಜಾಗವನ್ನು ಮರುದಿನಕ್ಕೆಂದು ಖಾಲಿ ಬಿಟ್ಟೆ. ಮಲ್ಲವ್ವನ ಹಾಳೆಗೆ ಸೂಜಿ ತಾಗಿಸಲೇ ಇಲ್ಲ. ಸುತ್ತಿ ಮೂಲೆಗಿಟ್ಟೆ.

ಕತ್ತಲಾಗುತ್ತಲೇ ಕರೆಂಟ್ ಹೋಯಿತು. ಬಾಗಿಲು ಹಾಕಿತ್ತು. ಒಳಗೆ ನಾನೊಬ್ಬನೇ.

ಟಕ್... ಟಕ್... ಟಕ್...

ಸೂಜಿ ಕಾಗದ ದಾಟುವ ಸದ್ದು. ಮೂವತ್ತು ವರ್ಷ ಕೇಳಿದ್ದೇನೆ, ತಪ್ಪಲಾರೆ. ಮೂಲೆಯಿಂದ ಬರುತ್ತಿತ್ತು. ಜೊತೆಗೆ ಹಸಿ ಸಿಮೆಂಟಿನ ವಾಸನೆ... ಆ ಚರ್ಚಿನಲ್ಲಿ ಸಿಮೆಂಟಿನ ಕೆಲಸ ನಡೆದಿರಲಿಲ್ಲ.

ಮೊಬೈಲಿನ ಬೆಳಕಿನಲ್ಲಿ ಹಾಳೆ ಬಿಚ್ಚಿದೆ. ಮಲ್ಲವ್ವನ ಮುಖದ ಪ್ರತಿ ಗೆರೆಯಲ್ಲೂ ತೂತು. ಬೆರಳಾಡಿಸಿದೆ. ತೂತಿನ ಅಂಚುಗಳು ನನ್ನ ಕಡೆಗೆ ಎದ್ದಿದ್ದವು. ಹಾಳೆಯ ಹಿಂದಿನಿಂದ ಯಾರೋ ಚುಚ್ಚಿದ್ದರು.

ಬೆಳಕನ್ನು ಗೋಡೆಗೆ ತಿರುಗಿಸಿದೆ. ಪುಸ್ತಕದ ಮುಖ ಅಲ್ಲಿರಲಿಲ್ಲ. ಕೆಂಪು ಚುಕ್ಕಿಗಳಲ್ಲಿ ಮಲ್ಲವ್ವ ಕೆಳಗೆ ನೋಡುತ್ತಿದ್ದಳು. ಅವಳ ಮಡಿಲಲ್ಲಿ, ನಾನು ಖಾಲಿ ಬಿಟ್ಟ ಜಾಗದಲ್ಲಿ, ಒಂದು ಮುಖವಿತ್ತು. ಅಗಲ ಹಣೆ, ಸೀಳಿದ ಹುಬ್ಬು... ನಾನೆಂದೂ ಕಾಣದ ಹುಡುಗ.

ಬೆಳಿಗ್ಗೆ ಮಲ್ಲವ್ವ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಅಳಲಿಲ್ಲ.

"ಅಂವ ಯಾವಾಗ ಬಂದಿದ್ದ ಯಪ್ಪಾ?" ಎಂದು ಮೆಲ್ಲಗೆ ಕೇಳಿದಳು.



ಹಿರಿಯರು ಬರುವುದರೊಳಗೆ ಎರಡೂ ಮುಖಗಳನ್ನು ಬಟ್ಟೆಯಿಂದ ಕೊಡವಿದೆ. ಹೌದು, ನಾನೇ. ಉದುರಿದ ಕೆಂಪು ಪುಡಿಗೆ ಮಲ್ಲವ್ವ ಪೊರಕೆ ತಾಗಿಸಲಿಲ್ಲ. ಅಂಗೈಯಿಂದ ಬಳಿದು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಈಗ ಅಲ್ಲಿ ಬೆಳ್ಳನೆಯ ತಾಯಿಗೆ ಜನ ಕೈ ಮುಗಿಯುತ್ತಾರೆ. ಚಿತ್ರ ಚೆನ್ನಾಗಿದೆ ಎನ್ನುತ್ತಾರೆ.

ಆ ಹಾಳೆ ನನ್ನ ಮನೆಯ ಅಟ್ಟದಲ್ಲಿದೆ. ಸುಡಲು ಧೈರ್ಯವಿಲ್ಲ, ಬಿಚ್ಚಲೂ ಇಲ್ಲ. ಕರೆಂಟ್ ಹೋದ ಸಂಜೆ ನಾನು ಮನೆಯೊಳಗೆ ಇರುವುದಿಲ್ಲ.