ಖಲ್ಫಾನ್ ಸಿಕ್ಕಿಬಿದ್ದ ದಿಬ್ಬ

ಒಮಾನಿನ ಮರಳುಗಾಡಿನ ಅಂಚಿನ ಊರಾದ ಮಿಂತಿರಿಬ್‌ನಲ್ಲಿ ಖಲ್ಫಾನ್ ಬಿನ್ ಹಿಲಾಲ್ ಕೂತ ಜಾಗದಲ್ಲೇ ಕೂತು ಕಾಫಿ ಮುಗಿಸಿದ್ದನ್ನು ಕಂಡವರಿಲ್ಲ. ಮೊದಲ ಗುಟುಕಿಗೆ ಬಾಗಿಲ ಕಡೆ ನೋಡುತ್ತಿದ್ದ, ಎರಡನೆಯದಕ್ಕೆ ಎದ್ದು ನಿಲ್ಲುತ್ತಿದ್ದ, ಉಳಿದದ್ದನ್ನು ಅಂಗಳದಲ್ಲಿ ಅಡ್ಡಾಡುತ್ತ ಕುಡಿಯುತ್ತಿದ್ದ. ಈ ಮನುಷ್ಯನ ಕಾಲಿಗೆ ಚಕ್ರ ಕಟ್ಟಿದ್ದಾರೆ ಎಂದು ಅವನ ಹೆಂಡತಿ ಝುವೈನಾ ಮದುವೆಯಾದ ಹೊಸತರಲ್ಲೇ ತನ್ನ ತಾಯಿಗೆ ಹೇಳಿದ್ದಳಂತೆ.

ಚಕ್ರಕ್ಕೆ ತಕ್ಕ ಕೆಲಸವೂ ಸಿಕ್ಕಿತ್ತು. ಮೀಸೆ ಮೂಡಿದ ಕಾಲದಿಂದ ನಿವೃತ್ತಿಯವರೆಗೆ ಅವನು ನೀರಿನ ಟ್ಯಾಂಕರ್ ಓಡಿಸಿದ. ಮರಳಿನ ಒಳಗೆ ಒಂಟೆ, ಮೇಕೆ ಕಟ್ಟಿಕೊಂಡು ಬದುಕುತ್ತಿದ್ದ ಕುಟುಂಬಗಳಿಗೆ ನೀರು ಮುಟ್ಟಿಸುವುದು ಅವನ ಕೆಲಸ. ಟ್ಯಾಂಕರಿನ ಸದ್ದು ಕೇಳಿದರೆ ಮಕ್ಕಳು ದಿಬ್ಬದ ಮೇಲಿಂದ ಜಾರಿಕೊಂಡು ಬರುತ್ತಿದ್ದರು. ಹೆಂಗಸರು ಕೊಡ, ಬಾನಿ ಎಲ್ಲ ಹೊರಗಿಟ್ಟು ಕಾಯುತ್ತಿದ್ದರು. ಆಮೇಲೆ ಆ ಕುಟುಂಬಗಳೇ ಪಿಕಪ್ ಕೊಂಡು ತಮ್ಮ ನೀರು ತಾವೇ ತಂದುಕೊಳ್ಳತೊಡಗಿದವು. ಖಲ್ಫಾನನಿಗೂ ವಯಸ್ಸಾಯಿತು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಒಂದು ತಿಂಗಳು ಹೇಗೋ ಕಳೆದ. ಬಾಗಿಲಿನ ತಿರುಪು ಬಿಗಿಮಾಡಿದ, ಖರ್ಜೂರದ ಗಿಡಗಳ ಬುಡ ಕೆದಕಿದ, ಝುವೈನಾಳ ಅಡುಗೆಮನೆಯ ಕಪಾಟನ್ನು ಹೊಸದಾಗಿ ಜೋಡಿಸಲು ಹೋಗಿ ಬೈಸಿಕೊಂಡ.

"ಹಿಲಾಲನ ಮಗನೇ, ದೇವರಾಣೆ, ಎಲ್ಲಿಗಾದ್ರೂ ಹೋಗಿ. ಮರಳಿಗೇ ಹೋಗಿ, ಪರವಾಗಿಲ್ಲ. ನನ್ನ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನನಗೇ ಗೊತ್ತಾಗ್ತಿಲ್ಲ!" ಎಂದಳು ಅವಳು.

ಅವನು ಹೋದ. ಗುರುವಾರ ಸಂಜೆಯಾದರೆ ಮಸ್ಕತ್‌ನಿಂದ ಜನ ಕಾರುಗಳಲ್ಲಿ ದಿಬ್ಬ ಹತ್ತಿಳಿಯಲು ಬರುತ್ತಾರೆ, ಹತ್ತರಲ್ಲಿ ಮೂವರು ಮರಳಲ್ಲಿ ಹೂತುಕೊಳ್ಳುತ್ತಾರೆ. ಖಲ್ಫಾನನ ಹತ್ತಿರ ಒಂದು ಹಳೆಯ ಎಸ್‌ಯುವಿ ಇತ್ತು. ಪೆಟ್ಟಿಗೆಯಂತೆ ಚೌಕ, ಬಣ್ಣ ಮಾಸಿದ್ದು, ಮುಂದೆ ಹಿಂದೆ ತೋಳು ಗಾತ್ರದ ಕಬ್ಬಿಣದ ಕೊಕ್ಕೆಗಳು. ಹಗ್ಗ ಹಾಕಿಕೊಂಡು ಹೊರಟರೆ ಸಿಕ್ಕಿಬಿದ್ದವರನ್ನೆಲ್ಲ ಎಳೆದು ಬರುತ್ತಿದ್ದ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಅವನಿಗೆ 'ಎಳೆಯುವ ಖಲ್ಫಾನ್' ಎಂದೇ ಹೆಸರು ಬಿತ್ತು. ಆ ಹೆಸರು ಕೇಳಿದರೆ ಅವನ ಮುಖ ಅರಳುತ್ತಿತ್ತು.

ಆದರೆ ಕಾರುಗಳು ಬದಲಾಗುತ್ತ ಹೋದವು. ಮೊದಲು ಎಲ್ಲವೂ ಅವನ ಗಾಡಿಯ ಅಣ್ಣತಮ್ಮಂದಿರಂತೆ ಚೌಕವಾಗಿದ್ದವು. ಆಮೇಲೆ ಬಂದವುಗಳ ಮೂಲೆಗಳು ಸವೆದು ಗುಂಡಗಾದವು. ಬಾನೆಟ್ ಮಾತ್ರ ಗೋಡೆಯಂತೆ ಎದ್ದಿತು, ಒಳಗೆ ಕೂತವನಿಗೆ ಮುಂದಿನ ಮರಳೇ ಕಾಣದು. ಸ್ಟೆಪ್ನಿ ಹೋಗಿ ಆ ಜಾಗದಲ್ಲಿ ಪಂಕ್ಚರ್ ಮುಚ್ಚುವ ಒಂದು ಅಂಟಿನ ಬಾಟಲಿ ಬಂತು. ಕೊಕ್ಕೆಗಳು ಪ್ಲಾಸ್ಟಿಕ್ಕಿನ ಹಿಂದೆ ಎಲ್ಲೋ ಅಡಗಿಕೊಂಡವು. "ಮುಖ ಸಿಂಹದ್ದು, ಹಲ್ಲು ಮಾತ್ರ ಇಲ್ಲ" ಎಂದು ಖಲ್ಫಾನ್ ಹೊಸ ಕಾರುಗಳ ಸುತ್ತ ತಿರುಗುತ್ತ ಗೊಣಗುತ್ತಿದ್ದ.

ಒಂದು ಶುಕ್ರವಾರ ಮಸ್ಕತ್‌ನ ಒಬ್ಬಾತನ ಹೊಚ್ಚ ಹೊಸ ಎಸ್‌ಯುವಿ ಮೂಗು ಕೆಳಗಾಗಿ ಹೂತಿತ್ತು. ಕೊಕ್ಕೆ ಎಲ್ಲಿದೆ ಎಂದು ಖಲ್ಫಾನ್ ಕೇಳಿದ. ಮಾಲೀಕನಿಗೂ ಗೊತ್ತಿರಲಿಲ್ಲ. "ನೀವು ದಿನಾ ಇದೇ ಕೆಲಸ ಮಾಡೋರು, ನಿಮಗೇ ಗೊತ್ತಿಲ್ವಾ?" ಎಂದ. ಆ ಮಾತು ಖಲ್ಫಾನನಿಗೆ ಚುಚ್ಚಿತು. ಬಗ್ಗಿ ನೋಡಿ, ಬಂಪರಿನ ಕೆಳಗೆ ಗಟ್ಟಿಯಾಗಿ ಕಂಡ ಒಂದು ಪಟ್ಟಿಗೆ ಹಗ್ಗ ಸುತ್ತಿ ಎಳೆದ. ಕಾರು ಅಲುಗಲಿಲ್ಲ. ಬಂಪರ್ ಮಾತ್ರ ದೀಪಗಳ ಸಮೇತ ಕಿತ್ತುಕೊಂಡು, ಅವನ ಗಾಡಿಯ ಹಿಂದೆ ಮರಳಲ್ಲಿ ಕುಣಿಯುತ್ತ ಬಂತು.

ಮಾಲೀಕ ಎಗರಾಡಿದ. "ಯಾರ್ರೀ ನಿಮ್ಮನ್ನ ಕರೆದಿದ್ದು? ಮುದುಕರಾದ ಮೇಲೆ ಮನೇಲಿರಬೇಕು!"

ಅಲ್ಲಿದ್ದ ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಬಂಪರ್ ಎಳೆಯುವ ಖಲ್ಫಾನ್ ಮರುದಿನದೊಳಗೆ ಊರಿನ ಪ್ರತಿ ಫೋನಿನಲ್ಲೂ ಇದ್ದ. ತಪ್ಪು ತನ್ನದೇ, ಗೊತ್ತಿಲ್ಲದ ಕಡೆ ಹಗ್ಗ ಹಾಕಬಾರದಿತ್ತು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಸಂಕಟ ಹೆಚ್ಚು. ಎರಡು ವಾರ ಅವನು ಮರಳಿನ ಕಡೆ ತಲೆ ಹಾಕಲಿಲ್ಲ. ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆದ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದ.

ಅದೇ ಹೊತ್ತಿಗೆ ಮಗಳು ಅಸೀಲಾ ಎಲೆಕ್ಟ್ರಿಕ್ ಎಸ್‌ಯುವಿ ತಂದಳು.

ಅಸೀಲಾ ಇಬ್ರಾದ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮನೆಯಿಂದಲೇ ದಿನಾ ಹೋಗಿ ಬರುತ್ತಾಳೆ. ತಂದೆಯ ಚೂಪು ನಾಲಿಗೆಯೂ ತಾಯಿಯ ನಗುವೂ ಅವಳಿಗೆ ಬಂದಿವೆ. ಆ ಕಾರು ಅಂಗಳಕ್ಕೆ ಸದ್ದಿಲ್ಲದೆ ಬಂದು ನಿಂತಾಗ ಖಲ್ಫಾನ್ ಬೆನ್ನು ತಿರುಗಿಸಿ ನಿಂತಿದ್ದ, ತಿರುಗಿ ನೋಡಿ ಹೌಹಾರಿದ.

"ಕಳ್ಳನ ಹಾಗೆ ಬರುತ್ತಲ್ಲೇ ಇದು!"

"ಕಳ್ಳನೂ ಅಲ್ಲ, ದೆವ್ವಾನೂ ಅಲ್ಲಪ್ಪ. ಹತ್ತಿ, ಒಂದು ಸುತ್ತು ಹೋಗಿ ಬರೋಣ."

"ಕರೆಂಟಲ್ಲಿ ನೀರು ಕಾಯಿಸೋ ಪಾತ್ರೆಯಲ್ಲಿ ನಾನು ಕೂರಲ್ಲ."

ಸುದ್ದಿ ಅಂದೇ ಸಬ್ಲಾ ಮುಟ್ಟಿತು. ಊರಿನವರು ಕಾಫಿಗೆ ಕೂಡುವ ಹಜಾರ ಅದು. ಪಂದ್ಯದ ಒಂಟೆಗಳನ್ನು ಸಾಕುವ ಮುಹನ್ನಾ ಅಲ್ಲಿ ಎಲ್ಲರಿಗಿಂತ ಗಟ್ಟಿ ದನಿಯವನು. ಖಲ್ಫಾನನ ಬಾಲ್ಯದ ಗೆಳೆಯ, ಅಷ್ಟೇ ಹಳೆಯ ಎದುರಾಳಿ. ತಂದೆಯನ್ನು ಕರೆಯಲು ಬಾಗಿಲಿಗೆ ಬಂದ ಅಸೀಲಾಳನ್ನು ಅವನೇ ತಡೆದ.

"ಏನಮ್ಮಾ ಮೇಡಂ, ನಮ್ಮನ್ನ ಸಾಕಿದ್ದು ಎಣ್ಣೆ. ಈ ರಸ್ತೆ, ನಿನ್ನ ಶಾಲೆ, ಎಲ್ಲ ಅದರದ್ದೇ. ಉಂಡ ಮನೆಗೆ ಎರಡು ಬಗೀತಿದ್ದೀಯಲ್ಲ?"

"ಕರೆಂಟೂ ನಮ್ಮ ನೆಲದ ಗ್ಯಾಸಿಂದಾನೇ ಬರೋದು ಮುಹನ್ನಾ ಮಾವ. ಉಂಡ ಮನೆ ಅದೇ, ಬಡಿಸೋ ಸೌಟು ಬೇರೆ."

ಹಜಾರದಲ್ಲಿ ನಗು ಎದ್ದಿತು. ಮುಹನ್ನಾ ಬಿಡಲಿಲ್ಲ. "ಮರಳಲ್ಲಿ ಚಾರ್ಜ್ ಮುಗಿದ್ರೆ? ಒಂಟೆಗೆ ಕಟ್ಟಿ ಎಳೆಸ್ತೀಯಾ?"

"ಮರಳಿಗೆ ಯಾಕೆ ಹೋಗ್ಲಿ? ಶಾಲೆಗೆ ಹೋಗೋಕೆ ತಗೊಂಡಿದ್ದು."

"ನೋಡಿದ್ಯಾ ಖಲ್ಫಾನ್! ಎಸ್‌ಯುವಿ ಅಂತ ಹೆಸರು, ಹೋಗೋದು ಮಾತ್ರ ಶಾಲೆಗೆ. ಬಂದೂಕು ಕೊಂಡು ಅದರಲ್ಲಿ ನೊಣ ಓಡಿಸಿದ ಹಾಗೆ. ನೀನೇ ಹೇಳು, ಆ ಡಬ್ಬ ದಿಬ್ಬ ಹತ್ತುತ್ತಾ?"

ಎಲ್ಲರೂ ಖಲ್ಫಾನನ ಕಡೆ ತಿರುಗಿದರು. ಬಂಪರಿನ ಪ್ರಸಂಗದ ನಂತರ ಯಾರಾದರೂ ಅವನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. "ಹತ್ತಲ್ಲ" ಎಂದ. ಹೇಳಿದ ಮೇಲೆ, ಅದು ತನಗೆ ನಿಜವಾಗಿ ಗೊತ್ತಿಲ್ಲ ಎಂಬುದು ಅವನನ್ನು ಕೊರೆಯತೊಡಗಿತು. ಆ ವಾರವೆಲ್ಲ ಕಾರಿನ ಸುತ್ತ ತಿರುಗಿದ. ಬಗ್ಗಿ ಅದರ ಹೊಟ್ಟೆ ನೋಡಿದ. ಚಪ್ಪಟೆ, ಮಂಚದ ಹಲಗೆಯಂತೆ. ತಟ್ಟಿ ನೋಡಿದ. ಬ್ಯಾಟರಿ ಅಲ್ಲಿದೆ ಎಂದಳು ಅಸೀಲಾ. "ಹೂಂ" ಎಂದು ಎದ್ದು ಹೋದ.

ಶುಕ್ರವಾರ ಬೆಳಗಿನ ನಮಾಜ್ ಮುಗಿಸಿ ಬಂದವನು ನೇರ ಮೊಳೆಗೆ ತೂಗುಹಾಕಿದ್ದ ಕಾರ್ಡ್ ತೆಗೆದುಕೊಂಡ. ಬೀಗದ ಕೈ ಬದಲು ಆ ಕಾರಿಗೆ ಇಸ್ಪೀಟಿನ ಎಲೆಯಂಥ ಒಂದು ಕಾರ್ಡ್. ತಾಯಿ ಮಗಳು ಇನ್ನೂ ಮಲಗಿದ್ದರು. ಒಂದೇ ದಿಬ್ಬ ಹತ್ತಿಸಿ ನೋಡುವುದು, ಹೂತುಕೊಂಡರೆ ತನ್ನ ಮಾತು ಗೆದ್ದಿತು, ಎದ್ದವರು ಕಾಣುವ ಮೊದಲೇ ತಂದು ನಿಲ್ಲಿಸುವುದು ಎಂದು ಅವನ ಲೆಕ್ಕ. ಹೂತ ಕಾರನ್ನು ಒಬ್ಬನೇ ತರುವುದು ಹೇಗೆ ಎಂದು ಯೋಚಿಸಿರಲಿಲ್ಲ.

ಊರಾಚೆ, ಮರಳಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸಿ ಮೊದಲ ದಿಬ್ಬಕ್ಕೆ ಬಿಟ್ಟ. ಕಾರು ಹತ್ತಿತು. ಗೇರಿಲ್ಲ, ಅಬ್ಬರವಿಲ್ಲ, ಪೆಡಲ್ ಒತ್ತಿದ ಕ್ಷಣ ಬೆನ್ನಿಗೆ ಕೈಯಿಟ್ಟು ತಳ್ಳಿದಂತೆ ಮೇಲಕ್ಕೇರಿತು. ಇದು ಸಣ್ಣದು ಎಂದು ಮುಂದಿನ ದಿಬ್ಬಕ್ಕೆ ಹೋದ. ಅದನ್ನೂ ಏರಿತು. ಮರಳು ಚಕ್ರಕ್ಕೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಇಷ್ಟು ವರ್ಷ ಎಂಜಿನ್ನಿನ ಗದ್ದಲದಲ್ಲಿ ಅವನು ಆ ಸದ್ದನ್ನು ಕೇಳಿಯೇ ಇರಲಿಲ್ಲ. ಖಲ್ಫಾನನಿಗೆ ಮೈ ಜುಮ್ಮೆಂದಿತು. ಟೋಪಿ ಜಾರಿ ಪಕ್ಕದ ಸೀಟಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಟ್ಯಾಂಕರ್ ಓಡಿಸುತ್ತಿದ್ದ ಹಳೆಯ ದಾರಿ ಹಿಡಿದು ಒಳಗೆ, ಇನ್ನೂ ಒಳಗೆ ಹೋದ. ಕೊನೆಗೆ ಎದುರಾದದ್ದು ಕತ್ತಿಯ ಅಲಗಿನಂಥ ತುದಿಯ ಒಂದು ದೊಡ್ಡ ದಿಬ್ಬ.

ತುದಿ ಮುಟ್ಟುವಾಗ ಅವನು ಅಭ್ಯಾಸದಂತೆ ಆಕ್ಸಿಲರೇಟರಿನಿಂದ ಕಾಲೆತ್ತಿದ. ಹಳೆಯ ಗಾಡಿಯಾದರೆ ಅದೇ ಓಟದಲ್ಲಿ ತುದಿ ದಾಟಿ ಆಚೆ ಇಳಿಯುತ್ತಿತ್ತು. ಈ ಕಾರು ಕಾಲೆತ್ತಿದರೆ ತಾನೇ ಬ್ರೇಕ್ ಹಿಡಿಯುತ್ತದೆ. ಸರಿಯಾಗಿ ತುದಿಯ ಮೇಲೇ ಹಿಡಿಯಿತು. ಚಪ್ಪಟೆ ಹೊಟ್ಟೆ ಮರಳಿಗೆ ಒರಗಿತು, ಮುಂದಿನ ಚಕ್ರಗಳು ಗಾಳಿಯಲ್ಲಿ, ಹಿಂದಿನವು ಪುಡಿಮರಳಿನಲ್ಲಿ. ಒತ್ತಿದಷ್ಟೂ ತೋಡಿಕೊಂಡವು.

ಇಳಿದು ಕೈಯಿಂದ ಮರಳು ತೆಗೆದ. ತೆಗೆದಷ್ಟೂ ಜಾರಿ ತುಂಬಿತು. ಕೆಳಗಿಳಿದ, ಮತ್ತೆ ಹತ್ತಿದ, ಒಣಗಿದ ಗಿಡ ಕಿತ್ತು ತಂದು ಚಕ್ರದಡಿ ಹಾಕಿದ, ಅದೂ ಹೂತುಹೋಯಿತು. ಜೇಬಿನಲ್ಲಿ ಫೋನ್ ಇತ್ತು, ತುದಿಯಲ್ಲಿ ಸಿಗ್ನಲ್ಲೂ ಇತ್ತು. ಮುಹನ್ನಾನ ಹೆಸರು ಬಂತು, ಒತ್ತಲಿಲ್ಲ. ಮಗಳ ಹೆಸರು ಬಂತು, ಅದನ್ನೂ ಒತ್ತಲಿಲ್ಲ. ಬಂಪರಿನ ವಿಡಿಯೋ ಆಗಿತ್ತು, ಈಗ ಇದು. ಬಿಸಿಲು ಏರಿತು. ಕೊನೆಗೆ ಮಾಡಲು ಏನೂ ಉಳಿಯದೆ ಕಾರಿನ ನೆರಳಲ್ಲಿ ಕೂತ. ಕೂತು ಸುಮ್ಮನೆ ಊರಿನ ದಿಕ್ಕಿಗೆ ಕಿವಿಗೊಟ್ಟ. ಯಾರಾದರೂ ಬರಲಿ ಎಂದು ಅವನು ಕಾದದ್ದು ಅದೇ ಮೊದಲು. ಯಾವಾಗಲೂ ಬರುವವನು ಅವನೇ ಆಗಿದ್ದ. ಕೊಡಗಳನ್ನು ಹೊರಗಿಟ್ಟು ನಿಂತಿರುತ್ತಿದ್ದ ಹೆಂಗಸರು ನೆನಪಾದರು. ಆಗೊಮ್ಮೆ ಟ್ಯಾಂಕರ್ ಕೆಟ್ಟು ಒಂದು ದಿನ ತಡವಾದಾಗ ಮುದುಕಿಯೊಬ್ಬಳು ಏನೂ ಬೈಯದೆ ಅವನ ಕೈ ಹಿಡಿದು ಅತ್ತಿದ್ದಳು. ಯಾಕೆ ಅತ್ತಳೆಂದು ಅವನಿಗೆ ಅಂದು ಅರ್ಥವಾಗಿರಲಿಲ್ಲ.

ತುಂಬ ಹೊತ್ತಾದ ಮೇಲೆ ಎಂಜಿನ್ನಿನ ಸದ್ದು ಕೇಳಿತು. ಅದು ತನ್ನದೇ ಚೌಕ ಗಾಡಿ ಎಂದು ನೋಡುವ ಮೊದಲೇ ಗುರುತು ಹಿಡಿದ. ಖಲ್ಫಾನ್ ತಟ್ಟನೆ ಎದ್ದು ಎರಡೂ ಕೈ ಎತ್ತಿ ಬೀಸಿದ, ಆಮೇಲೆ ನಾಚಿಕೆಯಾಗಿ ಕೈ ಇಳಿಸಿದ.

ಓಡಿಸುತ್ತಿದ್ದವಳು ಅಸೀಲಾ, ಪಕ್ಕದಲ್ಲಿ ಝುವೈನಾ. ತಾಯಿ ಇಳಿದು ಸೊಂಟಕ್ಕೆ ಕೈಯಿಟ್ಟು ದಿಬ್ಬದ ತುದಿ ನೋಡಿದಳು. "ಊರವರನ್ನೆಲ್ಲ ಎಳೆದು ಮುಗೀತು, ಈಗ ಆಕಾಶಕ್ಕೆ ಹೋಗ್ತಾ ಇದ್ರಾ?"

"ನಾನಿಲ್ಲಿದ್ದೀನಿ ಅಂತ ಯಾರು ಹೇಳಿದ್ರು?" ಎಂದ ಖಲ್ಫಾನ್.

"ಕಾರೇ ಹೇಳ್ತಪ್ಪ" ಎಂದು ಅಸೀಲಾ ಫೋನ್ ತೋರಿಸಿದಳು. "ಎಲ್ಲಿದೆ, ಎಷ್ಟು ಚಾರ್ಜ್ ಇದೆ, ಎಲ್ಲ ಇದರಲ್ಲಿ ಬರುತ್ತೆ."

"ಚಾಡಿಕೋರ ಕಾರು!"

ಝುವೈನಾ ಮರಳಿನ ಮೇಲೆ ಕೂತು ನಕ್ಕಳು. ಅಸೀಲಾಳಿಗೂ ತಡೆಯಲಾಗಲಿಲ್ಲ. ಖಲ್ಫಾನ್ ಮಾತ್ರ ಅವರು ತಂದಿದ್ದ ನೀರಿನ ಬಾಟಲಿಯನ್ನು ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದ: "ಇದರ ಕೊಕ್ಕೆ ಎಲ್ಲಿದೆ ಮಗಳೇ?"

ಅವಳು ಡಿಕ್ಕಿಯ ತಳದ ಮುಚ್ಚಳ ತೆಗೆದು ಹೆಬ್ಬೆರಳು ದಪ್ಪದ ಒಂದು ಉಂಗುರ ತೋರಿಸಿದಳು. ಹಿಂದಿನ ಬಂಪರಿನಲ್ಲಿ ಅಂಗೈಗಿಂತ ಸಣ್ಣ ಮುಚ್ಚಳವೊಂದನ್ನು ಒತ್ತಿದರೆ ತೆರೆಯಿತು, ಒಳಗೆ ತಿರುಪಿನ ತೂತು. ಖಲ್ಫಾನ್ ಉಂಗುರವನ್ನು ತಾನೇ ತಿರುಗಿಸಿ ಬಿಗಿಮಾಡಿದ, ಬಿಚ್ಚಿದ, ಮತ್ತೆ ಬಿಗಿಮಾಡಿದ.

"ಆ ಮಸ್ಕತ್ತಿನವನ ಕಾರಿಗೂ ಹೀಗೇ ಇತ್ತೇನೋ" ಎಂದ.

"ಇದ್ದಿರಬೇಕಪ್ಪ."

ಅವನು ಹಗ್ಗ ಕಟ್ಟಿ ಚೌಕ ಗಾಡಿಯ ಕಡೆ ಹೋದ. ಅಸೀಲಾ ಕದಲಲಿಲ್ಲ. "ಇವತ್ತು ನಾನು ಎಳೀತೀನಿ. ಸಿಕ್ಕಿಬಿದ್ದವರು ಒಳಗೆ ಕೂರಬೇಕು, ನೀವೇ ಎಲ್ಲರಿಗೂ ಹೇಳೋ ಮಾತು."

ಅವನು ಕೂತ. ಝುವೈನಾ ದಿಬ್ಬದ ಪಕ್ಕ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿದಳು. ಹಗ್ಗ ಬಿಗಿಯಿತು. ಮೊದಲ ಎಳೆತಕ್ಕೆ ಕಾರು ನಡುಗಿತು, ಎರಡನೆಯದಕ್ಕೆ ಹೊಟ್ಟೆ ಉಜ್ಜುತ್ತ ಹಿಂದಕ್ಕೆ ಜಾರಿ ಬಂತು.

ಆ ಸಂಜೆ ಯಾರೂ ಕೇಳುವ ಮೊದಲೇ ಖಲ್ಫಾನ್ ಸಬ್ಲಾದಲ್ಲಿ ನಿಂತುಕೊಂಡೇ ಎಲ್ಲ ಹೇಳಿದ. ಮುಹನ್ನಾ ತೊಡೆ ತಟ್ಟಿಕೊಂಡ. "ಹಾಗಾದ್ರೆ ಕರೆಂಟ್ ಕಾರು ಕೆಲಸಕ್ಕೆ ಬರಲ್ಲ ಅಂತ ಒಪ್ಪಿಕೋ!"

"ಕಾರು ಹತ್ತಿತು. ಸಿಕ್ಕಿಬಿದ್ದಿದ್ದು ನಾನು."

"ಹಾಗಾದ್ರೆ ಒಳ್ಳೇದು ಅನ್ನು."

"ಅದನ್ನೂ ಅನ್ನಲ್ಲ. ಹೊಟ್ಟೆ ಕೆಳಗಾಯ್ತು. ಮಾಡಿದವನು ಮರಳು ನೋಡಿಲ್ಲ. ಆದ್ರೆ ಮುಹನ್ನಾ, ಮರಳು ಮಾತಾಡುತ್ತೆ ಕಣೋ, ಗೊತ್ತಾ ನಿನಗೆ? ನಮ್ಮ ಗಾಡಿಗಳು ಕೇಳೋಕೆ ಬಿಡಲ್ಲ."

ವಾದ ಇಂದಿಗೂ ಮುಗಿದಿಲ್ಲ.

ಈಗ ಗುರುವಾರ ಸಂಜೆ ಖಲ್ಫಾನ್ ಮರಳಿನೊಳಗೆ ಹೋಗುವುದು ಕಡಿಮೆ. ಟೈರಿನ ಗಾಳಿ ಇಳಿಸುವ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬಂದ ಪ್ರತಿ ಕಾರಿನ ಕಿಟಕಿ ತಟ್ಟಿ, "ಕೊಕ್ಕೆ ಎಲ್ಲಿದೆ, ತೋರಿಸಿ" ಎನ್ನುತ್ತಾನೆ. ಕೆಲವರು ರೇಗುತ್ತಾರೆ. ಹೆಚ್ಚಿನವರು ಡಿಕ್ಕಿ ತೆಗೆದು ಹುಡುಕುತ್ತಾರೆ, ಸಿಗದೆ ಕಂಗಾಲಾಗುತ್ತಾರೆ, ಆಮೇಲೆ ಇಬ್ಬರೂ ಸೇರಿ ಹುಡುಕುತ್ತಾರೆ. ಸಿಕ್ಕಮೇಲೆ ಮಾಲೀಕನ ಕೈಯಿಂದಲೇ ತಿರುಪಿಸಿ, ಬಿಚ್ಚಿಸಿ, ಆಮೇಲೆ ಬಿಡುತ್ತಾನೆ.

ಒಂದು ಸಲ ಝುವೈನಾ ಅವನಿಗೆ ರೊಟ್ಟಿ, ಮೊಸರು ತಂದುಕೊಟ್ಟಳು. ಅಂಗಡಿಯವನು ಇಟ್ಟಿದ್ದ ಕುರ್ಚಿ ಖಾಲಿಯಿತ್ತು. ಮರಳಿನೊಳಗೆ ಹೋದ ಮೂರು ಕಾರು ಇನ್ನೂ ಹಿಂದಿರುಗಿರಲಿಲ್ಲ. ಖಲ್ಫಾನ್ ದಿಬ್ಬಗಳ ಕಡೆ ಕಣ್ಣಿಟ್ಟು ಅತ್ತಿಂದಿತ್ತ ನಡೆಯುತ್ತಿದ್ದ.

"ಕೂತು ಕಾಯಬಾರದಾ?" ಎಂದಳು.

"ಕೂತ್ರೆ ಹೊತ್ತು ಹೋಗಲ್ಲ ಕಣೇ" ಎಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ನಡೆಯುತ್ತಲೇ ತಿಂದ.